ಹನ್ನೆರಡನೆಯವನ ಕಟ್ಟೆ

ಕಗ್ಗಲಿದೊಡ್ಡಿಯ ದೇವಾಲಯಕ್ಕೆ ಬಂದವರು ಮೇಣದಬತ್ತಿ ಹಚ್ಚಿ, ಹಿಂಬದಿಯ ಹಾಳು ಸುಣ್ಣದ ಗೂಡಿನ ಕಡೆಗೆ ನಾಲ್ಕು ಹೆಜ್ಜೆ ಹಾಕಿದರೆ ಅಲ್ಲೊಂದು ಮೊಣಕಾಲೆತ್ತರದ ಕಲ್ಲುಕಟ್ಟೆ ಕಾಣುತ್ತದೆ. ಕಟ್ಟೆಗೆಲ್ಲ ಸುಣ್ಣ ಬಳಿದಿದೆ. ಮುಂಭಾಗ ಮಾತ್ರ ಎಣ್ಣೆ ಇಳಿದು ಕಪ್ಪಾಗಿದೆ. ಊರವರು ಅದನ್ನು ಹನ್ನೆರಡನೆಯವನ ಕಟ್ಟೆ ಎನ್ನುತ್ತಾರೆ. ಮಿಕ್ಕ ಹನ್ನೊಂದು ಕಟ್ಟೆ ಎಲ್ಲಿ ಎಂದು ಕೇಳದ ಪರಸ್ಥಳದವರಿಲ್ಲ. ಪಾದ್ರಿ ಸ್ವಾಮಿಗಳು ಊರಲ್ಲಿಲ್ಲದಾಗ ಜಪ ನಡೆಸುವ ಉಪದೇಶಿಯಾಗಿ ನಲವತ್ತು ವರ್ಷದಿಂದ ಅವರಿಗೆಲ್ಲ ಉತ್ತರ ಹೇಳುತ್ತ ಬಂದವನು ನಾನು. ಹೇಳುವ ಯೋಗ್ಯತೆ ನನಗಿದೆಯೇ ಎಂಬುದನ್ನು ಕೊನೆಯಲ್ಲಿ ನೀವೇ ನೋಡಿ.

ಹಿಂದೆ ಒಮ್ಮೆ, ಸ್ವಾಮಿಗಳು ಕುದುರೆಯೇರಿ ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಬರುತ್ತಿದ್ದ ಕಾಲದಲ್ಲಿ, ಇನ್ನಾಸಪ್ಪ ಎಂಬಾತ ಇಲ್ಲಿ ಉಪದೇಶಿಯಾಗಿದ್ದ. ಜಪಗಳೆಲ್ಲ ಬಾಯಿಪಾಠ, ನೇಮದಲ್ಲಿ ಬಲು ಕಟ್ಟುನಿಟ್ಟು; ದೇವಾಲಯದೊಳಗೆ ನೊಣ ಕೂರಬೇಕಾದರೂ ಅವನ ಅಪ್ಪಣೆ ಬೇಕಿತ್ತು ಎನ್ನುತ್ತಾರೆ. ಗೂಡಿನ ಪಕ್ಕದ ಗುಡಿಸಲಲ್ಲಿ ಸುಣ್ಣ ಸುಡುವ ಚೌರಪ್ಪನಿದ್ದ. ದೇವಾಲಯದ ಗೋಡೆ ಎದ್ದದ್ದು ಅವನ ಸುಣ್ಣದಿಂದ. ಗಾರೆಯನ್ನು ಬರಿಗಾಲಲ್ಲೇ ತುಳಿದು ಹದಮಾಡಿ, ಅವನ ಪಾದಗಳು ಬಿರಿದು ಹುಣ್ಣಾಗಿದ್ದವು. ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮೂರು ದಿನ ಮುಂಚಿನ ದೊಡ್ಡ ಗುರುವಾರ, ಏಸುಸ್ವಾಮಿ ಶಿಷ್ಯರ ಪಾದ ತೊಳೆದ ನೆನಪಿಗೆ ಸ್ವಾಮಿಗಳು ಹನ್ನೆರಡು ಮಂದಿಯ ಪಾದ ತೊಳೆಯುತ್ತಾರಷ್ಟೆ. ನಮ್ಮೂರಲ್ಲಿ ಅದು ಮನೆ ಸರದಿಯಂತೆ ನಡೆಯುತ್ತಿತ್ತು. ನಮ್ಮವರ ಬುದ್ಧಿ ನೋಡಿ: ಸರದಿ ಬಂದವರು ಬೆಳಿಗ್ಗೆಯೇ ಕೆರೆಗೆ ಹೋಗಿ, ಇಟ್ಟಿಗೆ ಚೂರಿನಿಂದ ಹಿಮ್ಮಡಿ ಉಜ್ಜಿ, ಸೀಗೆಪುಡಿ ಹಾಕಿ ತೊಳೆದು, ಆಮೇಲೆ ತೊಳೆಸಿಕೊಳ್ಳಲು ಬರುತ್ತಿದ್ದರು.

ಆ ವರ್ಷ ಚೌರಪ್ಪನ ಮನೆಗೆ ಮೊದಲ ಸಲ ಸರದಿ ಬಂತು. ಹೆಂಡತಿ ಸವೇರಮ್ಮ ಮದುವೆಯ ಪಂಚೆಯನ್ನು ತೆಗೆದುಕೊಟ್ಟಳು. ಬಾಗಿಲಲ್ಲಿ ಇನ್ನಾಸಪ್ಪ ಅವನ ಪಾದಗಳನ್ನು ನೋಡಿ ಮುಖ ಕಿವುಚಿದ.

“ಏನಯ್ಯ ಚೌರಾ, ಈ ಕಾಲ ಸ್ವಾಮಿಗಳ ಕೈಗೆ ಕೊಡ್ತೀಯಾ? ವಾಸಿ ಮಾಡ್ಕೊಂಡು ಮುಂದಿನ ಸರದಿಗೆ ಬಾ.”

“ಸುಣ್ಣ ತುಳಿಯೋ ಕಾಲು ವಾಸಿಯಾಗೋದು ಮಣ್ಣಿಗೆ ಹೋದ್ಮೇಲೇಯ, ಉಪದೇಸಿಗಳೇ” ಎಂದ ಚೌರಪ್ಪ ಹಾಗೇ ಹಿಂದಿರುಗಿ, ಪಂಚೆ ಬಿಚ್ಚಿಟ್ಟು ಗಾರೆ ತುಳಿಯಲು ನಿಂತ. ಹನ್ನೆರಡನೆಯ ಮಣೆಯ ಮೇಲೆ ಇನ್ನಾಸಪ್ಪನ ಅಳಿಯ ಕೂತ.

ಸ್ವಾಮಿಗಳು ಒಬ್ಬೊಬ್ಬರ ಪಾದವನ್ನೂ ತೊಳೆದು, ಒರೆಸಿ, ಮುತ್ತಿಟ್ಟು ಎದ್ದರು. ಬೋಗುಣಿಯನ್ನೊಮ್ಮೆ ನೋಡಿ, “ಇನ್ನಾಸಪ್ಪ, ನೀರು ತಂದ ಹಾಗೇ ತಿಳಿಯಾಗಿದೆಯಲ್ಲ. ನಾನು ಏನನ್ನ ತೊಳೆದೆ?” ಎಂದರು. ತಮಾಷೆಗೆ ಅಂದ ಮಾತೇ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಇನ್ನಾಸಪ್ಪನಿಗೆ ನಗು ಬರಲಿಲ್ಲ. ಕಣ್ಣೆತ್ತಿದರೆ ನಾಲ್ಕು ಕಡೆಯೂ ಬಿಳಿ ಗೋಡೆ, ಚೌರಪ್ಪ ತುಳಿದ ಗಾರೆ. “ತೊಳೀಬೇಕಾದ ಕಾಲನ್ನ ನಾನೇ ಬಾಗಿಲಿಂದ ಕಳಿಸ್ಬುಟ್ಟೆ, ಸ್ವಾಮಿ” ಎಂದವನೇ ಬೋಗುಣಿ ಎತ್ತಿಕೊಂಡು ಹೊರಟ. ಪೂಜೆ ಅಲ್ಲಿಗೇ ನಿಂತು, ಸ್ವಾಮಿಗಳೂ ಊರೂ ಅವನ ಹಿಂದೆ ನಡೆದರು.

ಚೌರಪ್ಪ ಗೂಡಿನ ಮುಂದಿನ ಕಟ್ಟೆಯ ಮೇಲೆ ದಣಿದು ಕೂತಿದ್ದ. ಇನ್ನಾಸಪ್ಪ ಮಂಡಿಯೂರಿ ನೀರು ಸುರಿಯಹೋದರೆ, ಚೌರಪ್ಪ ತಟ್ಟನೆ ಕಾಲು ಎಳೆದುಕೊಂಡ. ಸಿಟ್ಟಿಗಲ್ಲ.

“ಸುಣ್ಣದ ಕಾಲಿಗೆ ಒಂದೇ ಸಲ ನೀರು ಬಿದ್ರೆ ಬೆಂಕಿ ಇಟ್ಟಂಗೆ ಉರೀತದೆ. ಮೊದ್ಲು ಎಣ್ಣೆ ಹಚ್ಚಬೇಕು.”

“ಮನೇಲಿ ಎಣ್ಣೆ ತೀರಿ ಮೂರು ದಿನ ಆಯ್ತು” ಎಂದಳು ಸವೇರಮ್ಮ, ಯಾರ ಮುಖವನ್ನೂ ನೋಡದೆ.

ಚೌರಪ್ಪ ತುಳಿದ ಗಾರೆಯ ಗೋಡೆಗಳ ನಡುವೆ ನಿಂತು ವರ್ಷಗಟ್ಟಲೆ ಪ್ರೀತಿಯ ಉಪದೇಶ ಹೇಳಿದ ಇನ್ನಾಸಪ್ಪನಿಗೆ ಇಷ್ಟೂ ತಿಳಿದಿರಲಿಲ್ಲ. ಸ್ವಾಮಿಗಳು ತಾವೇ ಹೋಗಿ ಪೀಠದ ದೀಪಕ್ಕೆಂದು ಇಟ್ಟಿದ್ದ ಹರಳೆಣ್ಣೆಯ ಕುಡಿಕೆಯನ್ನು ತಂದು ಅವನ ಕೈಗಿತ್ತರು. ಇನ್ನಾಸಪ್ಪ ಬಿರುಕು ಬಿರುಕಿಗೂ ಎಣ್ಣೆ ತುಂಬಿ, ಹೆಗಲ ವಲ್ಲಿಯಿಂದ ಸುಣ್ಣವನ್ನು ಒರೆಸಿ ತೆಗೆದು, ಆಮೇಲೆ ತೊಳೆದ. ನೀರು ಹಾಲಿನಂತೆ ಬೆಳ್ಳಗಾಯಿತು. “ತಪ್ಪಾಯ್ತು ಕಣಪ್ಪ” ಎಂದು ಅಳುತ್ತಲೇ ಆ ಪಾದಗಳಿಗೆ ಮುತ್ತಿಟ್ಟ.

“ಕಾಲು ಹಗುರಾಯ್ತು, ಉಪದೇಸಿಗಳೇ. ಮನಸ್ಸಿಗೆ ಇನ್ನೊಂದಷ್ಟು ದಿನ ಬೇಕು” ಎಂದನಂತೆ ಚೌರಪ್ಪ. ಪಾಸ್ಕ ಹಬ್ಬಕ್ಕೂ ಅವನು ಬರಲಿಲ್ಲ. ಮೂರನೆಯ ಭಾನುವಾರ ಬಂದು ಬಾಗಿಲ ಬಳಿ ನಿಂತ. ಕೇಳಿದ ಕೂಡಲೇ ಕ್ಷಮಿಸಿಬಿಟ್ಟ ಎಂದು ಕತೆ ಕಟ್ಟದ ನಮ್ಮ ಹಿರಿಯರು ದೊಡ್ಡವರು.

ಅಂದಿನಿಂದ ದೇವಾಲಯದೊಳಗೆ ಹನ್ನೊಂದೇ ಮಣೆ. ದೊಡ್ಡ ಗುರುವಾರ ಉಪದೇಶಿಯಾದವನು ಎಣ್ಣೆ, ನೀರು ಹಿಡಿದು ಈ ಕಟ್ಟೆಯ ಬಳಿ ಕಾಯಬೇಕು. ಅವನಿಂದ ನೊಂದವರು ಬಂದು ಕೂತರೆ ಆ ವರ್ಷಕ್ಕೆ ಅವರೇ ಹನ್ನೆರಡನೆಯವರು. ಬರದಿದ್ದರೆ ಹೊತ್ತು ಮುಳುಗುವವರೆಗೆ ಕಾದು ಹೋಗಬೇಕು. ಮೂರು ವರ್ಷದ ಕೆಳಗೆ ನನ್ನ ತಮ್ಮ ಅಂತೋಣಪ್ಪನ ಮಗಳ ಮದುವೆಯಲ್ಲಿ, ಬೀಗರ ಎದುರಿಗೇ, ಅವನಿಗೆ ಆಡಬಾರದ ಮಾತು ಆಡಿದೆ. ಎರಡು ವರ್ಷ ಇಲ್ಲಿ ಕಾದೆ; ಅವನು ಬರಲಿಲ್ಲ. ಈ ವರ್ಷ ಹೊತ್ತು ಇಳಿಯುವಾಗ ಬಂದ. ಕೂತು ಕಾಲು ಮುಂದಕ್ಕೆ ಚಾಚಿದ. ಅವಸರದಲ್ಲಿ ಕುಡಿಕೆ ಬಗ್ಗಿಸಿದೆ; ಎಣ್ಣೆ ಕಟ್ಟೆಯ ಮೇಲೆಲ್ಲ ಚೆಲ್ಲಿತು. ಕಪ್ಪು ಕಲೆಯ ಬಲಕ್ಕೆ ಇನ್ನೂ ಜಿಡ್ಡು ಆರದ ಜಾಗವೊಂದಿದೆ; ಬಂದವರು ನೋಡಬಹುದು.