ಕೆಳಗಿನ ದನಿ ಹಾಡುವವನು

ನನಗೆ ಕತೆ ಹೇಳಿ ಅಭ್ಯಾಸವಿಲ್ಲ, ಮೊದಲೇ ಕ್ಷಮೆ ಕೇಳುತ್ತೇನೆ. ನಮ್ಮ ಸಭೆಯ ಉಪದೇಶಿ ನತಾನೇಲಪ್ಪನವರು ಇದನ್ನು ಬಹಳ ಚಿಕ್ಕದಾಗಿ ಹೇಳಿದ್ದರು. ನನ್ನ ಕೈಯಲ್ಲಿ ಉದ್ದವಾಗುತ್ತದೆ.

ನಾನು ಅವರನ್ನು ಕೇಳಿದ್ದು ಇಷ್ಟು: “ದೇವರು ನನ್ನ ಕೋಣೆಯಲ್ಲೂ ಇದ್ದಾನೆ. ಅಲ್ಲೇ ಒಬ್ಬನೇ ಪ್ರಾರ್ಥಿಸಿದರೆ ಸಾಲದೆ? ಸಾಲುವುದಾದರೆ ನನಗೇಕೆ ಶಾಂತಿ ಸಿಗುತ್ತಿಲ್ಲ?”

ಹೆಂಡತಿ ತೀರಿಕೊಂಡ ಮೇಲೆ ನಾನು ಸಭೆಗೆ ಹೋಗುವುದನ್ನು ಬಿಟ್ಟಿದ್ದೆ. ಸಭೆ ಎಂದರೆ ಇಲ್ಲಿ ಮೀಟಿಂಗ್ ಅಲ್ಲ, ನಮ್ಮ ದೇವಾಲಯದಲ್ಲಿ ಸೇರುವ ವಿಶ್ವಾಸಿಗಳು. ಎಲ್ಲರೂ ಸಮಾಧಾನ ಹೇಳುತ್ತಿದ್ದರು. ಅದನ್ನು ಕೇಳಲು ನನ್ನಿಂದಾಗುತ್ತಿರಲಿಲ್ಲ, ಅದಕ್ಕೆ ಬಿಟ್ಟೆ.

ಉಪದೇಶಿಗಳು ಹೇಳಿದರು:

ಒಬ್ಬ ನೇಕಾರನಿದ್ದ. ಸಭೆಯಲ್ಲಿ ಹಾಡುವವನು.

(ಇಲ್ಲಿ ಒಂದು ವಿಷಯ ವಿವರಿಸಬೇಕು. ನಮ್ಮ ಹಳೆಯ ಸಭೆಗಳಲ್ಲಿ ಕೀರ್ತನೆಯನ್ನು ನಾಲ್ಕು ದನಿಗಳಲ್ಲಿ ಹಾಡುತ್ತಾರೆ. ರಾಗ ಇರುವುದು ಮೇಲಿನ ದನಿಯಲ್ಲಿ. ಕೆಳಗಿನ ದನಿ ಕೆಲವೇ ಸ್ವರಗಳ ಮೇಲೆ ನಿಂತು ನಿಂತು ನಡೆಯುತ್ತದೆ. ಅದೊಂದನ್ನೇ ಕೇಳಿದರೆ ಯಾವ ಹಾಡೆಂದು ತಿಳಿಯುವುದಿಲ್ಲ.)

ನೇಕಾರನಿಗೆ ಬರುತ್ತಿದ್ದುದು ಕೆಳಗಿನ ದನಿ ಮಾತ್ರ. ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ನಿಂತು ಕಲಿತಿದ್ದ. ಅದೇ ಹಾಡು ಎಂದು ತಿಳಿದಿದ್ದ.

ಹಾಡನ್ನು ಎತ್ತಿಕೊಡುತ್ತಿದ್ದವನು ಒಬ್ಬ ಬಡಗಿ. ಅವನ ಮಗು ಸತ್ತಿತು. ಯಾವುದೋ ಹಳೆಯ ಸಿಟ್ಟಿನಲ್ಲಿ ನೇಕಾರ, “ದೇವರು ನೋಡೇ ಕೊಟ್ಟಾನ ಶಿಕ್ಷಾ” ಎಂದುಬಿಟ್ಟ. ಬಡಗಿಗೆ ಕೇಳಿಸಿತು.

ಅಂದಿನಿಂದ ನೇಕಾರ ಸಭೆಗೆ ಹೋಗಲಿಲ್ಲ. ಮನೆಯಲ್ಲಿ ಮೊಣಕಾಲೂರಿ ಅತ್ತ. ಕ್ಷಮಿಸು ಎಂದು ದೇವರನ್ನು ಬೇಡಿದ. ಸಂಜೆ ಮಗ್ಗ ನಿಲ್ಲಿಸಿ, ತನಗೆ ಪ್ರಿಯವಾದ ಕೀರ್ತನೆಯನ್ನು ಒಬ್ಬನೇ ಹಾಡಿದ. ಅದು ಹಾಡಿನಂತೆ ಕೇಳಿಸಲಿಲ್ಲ. ಮರುದಿನ ಇನ್ನೂ ಎಚ್ಚರದಿಂದ ಹಾಡಿದ. ಹಾಗೆಯೇ ಕೇಳಿಸಿತು.

ಗೋಡೆಯಾಚೆಯ ಮುದುಕಿ ಕೂಗಿದಳು: “ಏನಪಾ, ಹಾಡಾಕತ್ತೀಯೋ, ಹಲ್ಲು ನೋಯಾಕತ್ತಾವೋ?”

ನೇಕಾರನಿಗೆ ನಗು ಬರಲಿಲ್ಲ. ದೇವರು ತನ್ನನ್ನು ಕ್ಷಮಿಸಿಲ್ಲ, ಅದಕ್ಕೇ ಹಾಡನ್ನು ಹಿಂದಕ್ಕೆ ತೆಗೆದುಕೊಂಡಿದ್ದಾನೆ ಎಂದುಕೊಂಡ. ಹಾಡು ನಿಲ್ಲಿಸಿದ. ಆಮೇಲೆ ಪ್ರಾರ್ಥನೆಯನ್ನೂ ನಿಲ್ಲಿಸಿದ. ಕೊನೆಗೆ, ನನ್ನನ್ನು ಸಭೆಯಿಂದ ಬಿಟ್ಟುಬಿಡಿ ಎಂದು ಹೇಳಿ ಬರಲು ಒಂದು ಭಾನುವಾರ ದೇವಾಲಯಕ್ಕೆ ಹೋದ.

ಒಳಗೆ ಅದೇ ಕೀರ್ತನೆ ನಡೆದಿತ್ತು. ಮುಗಿಯಲಿ ಎಂದು ಹೊಸ್ತಿಲಲ್ಲಿ ನಿಂತ. ಮುಂದಿನ ಚರಣಕ್ಕೆ ಅವನ ಬಾಯಿ ತಾನಾಗಿ ತೆರೆಯಿತು. ಮನೆಯಲ್ಲಿ ಹಾಡಿದ ಸ್ವರಗಳೇ, ಒಂದೂ ಬದಲಾಗಿರಲಿಲ್ಲ. ಉಳಿದ ಮೂರು ದನಿಗಳು ಅದರ ಮೇಲೆ ಬಂದು ನಿಂತವು. ಈಗ ಅದು ಹಾಡಾಯಿತು.

ಬಡಗಿ ತಿರುಗಿ ನೋಡಿದ. ಹಾಡುತ್ತಲೇ ಕೀರ್ತನೆ ಮುಗಿಸಿದ. ಮುಗಿದ ಮೇಲೆ, “ಒಳಗ ಬಾ” ಎಂದ.

ನೇಕಾರ ಅಲ್ಲೇ ನಿಂತು, “ಆ ಮಾತು ಆಡಿದಾವ ನಾನು” ಎಂದ.

“ಗೊತ್ತದ. ಕೇಳಿದಾವ ನಾನು” ಎಂದ ಬಡಗಿ. ಆಮೇಲೆ ಬೆಂಚಿನವರ ಕಡೆ ತಿರುಗಿ, “ಒಂಚೂರು ಸರೀರಿ, ಅವಗ ಜಾಗಾ ಬಿಡ್ರಿ” ಎಂದ.

ಉಪದೇಶಿಗಳು ಇಲ್ಲಿಗೆ ನಿಲ್ಲಿಸಿದರು. ನನಗೆ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. “ಹಾಗಾದರೆ ದೇವರು ಅವನನ್ನು ಕ್ಷಮಿಸಿದ್ದು ಎಲ್ಲಿ? ಅವನು ಅತ್ತ ಮನೆಯಲ್ಲೋ, ದೇವಾಲಯದಲ್ಲೋ?” ಎಂದು ಕೇಳಿದೆ.

“ಮನೆಯಲ್ಲೇ ಕ್ಷಮಿಸಿದ್ದ, ಆ ಸುದ್ದಿಯನ್ನು ಮಾತ್ರ ಬಡಗಿಯ ಬಾಯಲ್ಲಿ ಇಟ್ಟಿದ್ದ” ಎಂದರು.



ಓದುವವರಿಗೆ ಇದು ಅರ್ಥವಾಗದೆ ಹೋದೀತೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ದೇವರು ಒಬ್ಬನೇ ಇರುವವನ ಹತ್ತಿರ ಬರುವುದಿಲ್ಲ ಎಂದು ಇದರ ಅರ್ಥವಲ್ಲ. ಬರುತ್ತಾನೆ. ನನ್ನ ಕೋಣೆಗೂ ಬಂದಿದ್ದಾನೆ, ಅದು ನನಗೆ ಗೊತ್ತು. ಬಡಗಿ ಆ ಮಾತನ್ನು ಮರೆತಿದ್ದ ಎಂದೂ ಅಲ್ಲ. ಬಾ ಎಂದು ಕರೆಯುವಾಗ ಅವನು ನಗಲಿಲ್ಲ ಎಂಬುದನ್ನು ಉಪದೇಶಿಗಳು ಒತ್ತಿ ಹೇಳಿದರು, ನಾನು ಮೇಲೆ ಬರೆಯಲು ಮರೆತೆ. ನಗದೆಯೂ ಜಾಗ ಬಿಡಿಸಿದ. ಅದು ಏಕೆ ಮುಖ್ಯ ಎಂದರೆ, ಸಭೆಗೆ ಹೋದರೆ ದುಃಖ ಇಲ್ಲದವರ ನಡುವೆ ಕೂರಬೇಕಾಗುತ್ತದೆ ಎಂದು ನಾನು ಅಂದುಕೊಂಡಿದ್ದೆ, ಆದರೆ ಅಲ್ಲಿ ಕೂತವರೂ

ಕ್ಷಮಿಸಿ. ಕೆಳಗಿನ ಮನೆಯ ಮಾರ್ಥಕ್ಕ ಮೆಟ್ಟಿಲ ಹತ್ತಿರ ನಿಂತು ಕರೆಯುತ್ತಿದ್ದಾರೆ. ಇವತ್ತು ಅವರ ಮನೆಯಲ್ಲಿ ಪ್ರಾರ್ಥನೆ ಕೂಟ. “ಸರ್ರ, ಚಾಪಿ ಹಾಸಿ ಆತು. ನೀವು ಬರೂತನಾ ಯಾರೂ ಹಾಡು ಎತ್ತೂದಿಲ್ಲಂತ, ಲಗೂ ಇಳೀರಿ.”

ಬಂದೆ, ಅಕ್ಕಾ.