ದಳವಾಯಿ ಕಂಡ ಕತ್ತಿ

“ನನ್ನದು ಹದ್ದಿನ ಕಣ್ಣು ಪ್ರಭು, ತಪ್ಪಿ ನೋಡಿದ್ದೇ ಇಲ್ಲ!” ತುಂಬಿದ ಓಲಗದಲ್ಲಿ ದಳವಾಯಿ ಭುಜಂಗಯ್ಯ ಗುಡುಗಿದ.

ಆ ಕಣ್ಣಿಗೆ ಬಿದ್ದದ್ದು ಇಷ್ಟು: ಊರೆಲ್ಲ ಹಬ್ಬದೂಟಕ್ಕೆ ಕೂತಿದ್ದ ಮಧ್ಯಾಹ್ನ, ನಾಯಕರ ತಮ್ಮ ಸೂರಪ್ಪ ಕುದುರೆಲಾಯದ ಹಿಂದೆ ನಿಂತು ಅಣ್ಣನನ್ನು ಮುಗಿಸುವ ಮಾತಾಡುತ್ತಿದ್ದನಂತೆ.

ಹಾಲಪ್ಪ ನಾಯಕರ ಮುಖ ಬಾಡಿತು. ಹೆತ್ತವರು ಹೋದ ಮೇಲೆ ತಮ್ಮನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು ಅವರೇ. ಆದರೆ ರಾಜದ್ರೋಹಿಯನ್ನು ಬುರುಜಿನಿಂದ ತಳ್ಳುವುದು ಆ ಪಾಳೆಯದ ಕಟ್ಟಳೆ. ನಾಯಕರಿಗೆ ಮಕ್ಕಳಿಲ್ಲ; ಸೂರಪ್ಪನೂ ಹೋದರೆ ಮುಂದೆ ದಳವಾಯಿಯದೇ ದರ್ಬಾರು.

ಕಂಬದ ಮರೆಯಿಂದ ಬುಳ್ಳ ಇಣುಕಿದ. ಬುಳ್ಳ ಅರಮನೆಯ ಹಾಸ್ಯಗಾರ, ಮೀಸೆ ಇನ್ನೂ ಚಿಗುರದ ಹುಡುಗ. ಅರ್ಧ ಕಾಗುಣಿತ ಕಲಿತು, ಉಳಿದರ್ಧಕ್ಕೆ ಹೆದರಿ, ಉಪಾಧ್ಯಾಯರ ಜುಟ್ಟನ್ನು ಕಂಬಕ್ಕೆ ಕಟ್ಟಿ ಓಡಿಬಂದವನು. ಅವನ ಅವ್ವನೇ ಸೂರಪ್ಪನಿಗೂ ಹಾಲೂಡಿಸಿದ ದಾದಿ. ಒಂದೇ ಮಡಿಲಲ್ಲಿ ಬೆಳೆದ ಅಣ್ಣ ಬುರುಜಿನಿಂದ ಬೀಳಬೇಕೆ?

ಬುದ್ಧಿವಂತರು ಯಾರಾದರೂ ಬಾಯಿ ಬಿಡಲಿ ಎಂದು ಬುಳ್ಳ ಸುತ್ತ ನೋಡಿದ. ಬುದ್ಧಿವಂತರೆಲ್ಲ ನೆಲ ನೋಡುತ್ತಿದ್ದರು. ಇನ್ನು ಉಳಿದವನು ತಾನೇ. ಎಂಥ ಗತಿ ಬಂತಪ್ಪಾ ಈ ಪಾಳೆಯಕ್ಕೆ ಎಂದುಕೊಂಡು ಮುಂದೆ ಬಂದ.

“ಬುದ್ಧಿ, ದಳವಾಯಿಗಳು ಹೇಳಿದ್ದು ನಿಜ. ಸೂರಪ್ಪಣ್ಣ ಮಾತಾಡಿದ್ದು ನನ್ನ ಜೊತೆಗೇ!”

ಸೂರಪ್ಪ ಹೌಹಾರಿದ. “ಲೋ ಬುಳ್ಳಾ, ತಲೆ ಕೆಟ್ಟಿದೆಯೇನೋ ನಿನಗೆ?”

“ಇದ್ದರೆ ತಾನೇ ಅಣ್ಣಾ ಕೆಡೋದು!”

ದಳವಾಯಿಗೆ ಹಿಗ್ಗೋ ಹಿಗ್ಗು. “ಹೌದು ಪ್ರಭು! ಈ ಕೋತಿಯೂ ಅಲ್ಲೇ ಇತ್ತು!”

“ಅಣ್ಣ ಕತ್ತಿ ಹಿರಿದು ಆಣೆ ಇಟ್ಟರು. ಅದೂ ಕಂಡಿತಾ?”

“ಕಾಣದೆ? ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು!”

“ನನ್ನ ಕೈಯಲ್ಲಿದ್ದ ಈಟಿ?”

“ಎತ್ತಲಾರದೆ ನಡುಗುತ್ತಿದ್ದೆಯಲ್ಲೋ!”

“ಎಂಥ ಕಣ್ಣು ಸ್ವಾಮಿ! ಅಂದಹಾಗೆ, ಅವತ್ತು ಯಾವ ಹಬ್ಬ? ನನಗೆ ಹಬ್ಬ ಅಂದರೆ ಹೋಳಿಗೆ ಅಷ್ಟೇ ಗೊತ್ತು.”

“ಆಯುಧಪೂಜೆ ಕಣೋ, ಮುಠ್ಠಾ...” ದಳವಾಯಿಯ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು.

ನಾಯಕರು ನಿಧಾನವಾಗಿ ಎದ್ದರು. ಆಯುಧಪೂಜೆಯ ದಿನ ಪಾಳೆಯದ ಆಯುಧಗಳೆಲ್ಲ ಪೂಜೆಯ ಕೋಣೆಯಲ್ಲಿರುತ್ತವೆ. ಮರುದಿನ ಬನ್ನಿ ಪೂಜೆ ಆಗುವವರೆಗೆ ಯಾರೂ ಮುಟ್ಟುವಂತಿಲ್ಲ. ಕೋಣೆಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದವನು ಇದೇ ಭುಜಂಗಯ್ಯ!

“ಅಡುಗೆಮನೆಯ ಈಳಿಗೆಮಣೆಯೂ ಪೂಜೆಗೆ ಹೋಗಿತ್ತು ಬುದ್ಧಿ. ಅವ್ವ ಕುಂಬಳಕಾಯಿಯನ್ನು ಕಲ್ಲಿಗೆ ಅಪ್ಪಳಿಸಿ ಸಾರು ಮಾಡಿದಳು,” ಎಂದ ಬುಳ್ಳ.

“ಸುಳ್ಳುಗಾರ ಪ್ರಭು ಇವನು!” ದಳವಾಯಿ ಕಿರುಚಿದ. ಕಾವಲಿನವರು ಆಗಲೇ ಅವನ ರಟ್ಟೆ ಹಿಡಿದಿದ್ದರು.

ನಾಯಕರು ತಮ್ಮನನ್ನು ಬಾಚಿ ತಬ್ಬಿಕೊಂಡರು. ಆಮೇಲೆ ಬುಳ್ಳನತ್ತ ಹುಬ್ಬು ಗಂಟಿಕ್ಕಿ, “ಓಲಗದಲ್ಲಿ ನನ್ನೆದುರೇ ಸುಳ್ಳು ಹೇಳಿದೆಯೇನೋ?” ಎಂದರು.

“ಹುಟ್ಟಾ ಸುಳ್ಳುಗಾರ ನಾನು ಬುದ್ಧಿ. ಹಸಿವು ಅಂದರೆ ಹೆತ್ತವ್ವನೂ ನಂಬೋದಿಲ್ಲ. ನನ್ನ ಮಾತಿಗೆ ‘ಕಣ್ಣಾರೆ ಕಂಡೆ’ ಅಂತ ಸಾಕ್ಷಿ ಹೇಳಿದ ದೊಡ್ಡ ಮನುಷ್ಯರು ಇವರೊಬ್ಬರೇ!”

ನಾಯಕರು ನಗು ತಡೆಯಲಾರದೆ ತಮ್ಮನ ಹೆಗಲಿಗೇ ಒರಗಿದರು.