ಕಪ್ಪೆ ಗಾಳಿಯನ್ನು ಕೂಗುವುದೇಕೆ

ಹೊಸ ಭೂಮಿಯ ಮೈ ಇನ್ನೂ ಆರಿರದ ಕಾಲ. ಕೆರೆಯಂಚಿನಲ್ಲಿ ಕಂದು ತೆನೆ ಹೊತ್ತ ಒಂದು ಜೊಂಡುಹುಲ್ಲು ನಿಂತಿತ್ತು. ಅದರ ಬುಡಕ್ಕೆ ಯಾರೋ ಬಿಟ್ಟುಹೋದ ಮೊಟ್ಟೆಯೊಂದು ಅಂಟಿಕೊಂಡಿತ್ತು. ಮೊಟ್ಟೆಯೊಡೆದು ಬಂದ ಕಪ್ಪೆಮರಿ ಮೊದಲು ಕಂಡದ್ದು ಜೊಂಡನ್ನೇ. ಅದನ್ನೇ ಅಮ್ಮ ಎಂದಿತು. ಜೊಂಡೂ ಅಲ್ಲ ಎನ್ನಲಿಲ್ಲ. ಕಾಲು ಮೂಡಿ ಬಾಲ ಹೋಗುವವರೆಗೆ ನೆರಳಿನಲ್ಲಿಟ್ಟು ಸಾಕಿತು.

ಕಾಲು ಮೂಡಿದ ಮೇಲೆ ಹಸಿವೂ ಹೆಚ್ಚಿತು. ಆಗ ಕಪ್ಪೆಗೂ ನಮ್ಮ ಹಾಗೆ ಎಲ್ಲವೂ ಕಾಣುತ್ತಿತ್ತು. ಬೆಟ್ಟ ನೋಡುವಷ್ಟರಲ್ಲಿ ನೊಣ ಹಾರಿಹೋಗುತ್ತಿತ್ತು. ಮರ ನೋಡುವಷ್ಟರಲ್ಲಿ ಸೊಳ್ಳೆ ಹಾರಿಹೋಗುತ್ತಿತ್ತು. ಊಟಕ್ಕೆ ಕೂತು ಕಿಟಕಿ ನೋಡುತ್ತೀಯಲ್ಲ, ನಿನ್ನ ಹಾಗೇ.

ಕಪ್ಪೆ ಸೂರ್ಯನ ಹತ್ತಿರ ದೂರು ಹೇಳಿತು. "ಅಜ್ಜಾ, ಸುಮ್ನೆ ನಿಂತಿರೋದೊಂದೂ ನಂಗೆ ಬೇಡ. ಓಡಾಡೋದಷ್ಟೇ ಕಾಣೋ ಕಣ್ಣು ಕೊಡು."

"ಯೋಚನೆ ಮಾಡಿ ಕೇಳು ಮರಿ. ಕೊಟ್ಟ ಕಣ್ಣು ವಾಪಸ್ ತಗೊಳ್ಳೋಕಾಗಲ್ಲ."

"ಮಾಡಿದೀನಿ" ಎಂದಿತು ಕಪ್ಪೆ. ಎಲ್ಲಿ ಮಾಡಿತ್ತು? ಹೊಟ್ಟೆ ಚುರುಗುಟ್ಟುವಾಗ ಯಾರಿಗೆ ಯೋಚನೆ ಬರುತ್ತದೆ?

ಕೇಳಿದ ಕಣ್ಣನ್ನೇ ಸೂರ್ಯ ಕೊಟ್ಟ. ಅಂದು ಕಪ್ಪೆ ಹೊಟ್ಟೆ ಬಿರಿಯುವಷ್ಟು ತಿಂದಿತು. ಕುಪ್ಪಳಿಸುತ್ತ ಮನೆಗೆ ಬಂದರೆ ಅಮ್ಮ ಇಲ್ಲ.

"ಅಮ್ಮಾ, ಎಲ್ಲಿದೀಯ?"

"ಇಲ್ಲೇ ಇದೀನಲ್ಲೋ. ನನ್ನ ಕಾಲ ಮೇಲೇ ಕೂತಿದೀಯ."

ಮಾತು ಕೇಳುತ್ತಿತ್ತು. ಮೈ ತಾಕುತ್ತಿತ್ತು. ಮುಖ ಮಾತ್ರ ಕಾಣುತ್ತಿರಲಿಲ್ಲ.

"ಒಂಚೂರು ಅಲ್ಲಾಡಮ್ಮಾ."

"ಹುಲ್ಲು ಕಣೋ ನಾನು. ಗಾಳಿ ಬಂದ್ರೆ ತಾನೇ ಅಲ್ಲಾಡೋದು?" ಎಂದಿತು ಜೊಂಡು.

ಕಪ್ಪೆ ಗಾಳಿಯನ್ನು ಕೂಗಿತು. ಬೇಸಿಗೆಯೆಲ್ಲ ಕೂಗಿತು. ಗಂಟಲು ಊದಿಕೊಳ್ಳುವವರೆಗೆ ಕೂಗಿತು. ಕೊನೆಗೆ ದೂರದ ಕಡಲಿನಿಂದ ಮೋಡಗಳನ್ನು ಅಟ್ಟಿಕೊಂಡು ಗಾಳಿ ಬಂತು. "ಏನೋ ನಿನ್ನ ಗಲಾಟೆ?" ಎನ್ನುತ್ತ ಜೊಂಡಿನ ತಲೆ ಸವರಿತು. ಜೊಂಡು ಬಾಗಿತು. ಕಪ್ಪೆಗೆ ಅಮ್ಮನ ಮುಖ ಕಂಡಿತು. ಎಷ್ಟು ದಿನದ ಮೇಲೆ.

"ಸ್ವಲ್ಪ ಹೊತ್ತು ಇರಣ್ಣಾ" ಎಂದು ಕಪ್ಪೆ ಬೇಡಿಕೊಂಡಿತು.

"ನಿಂತುಬಿಟ್ರೆ ನಾನು ಗಾಳಿ ಹೆಂಗಾಗ್ತೀನಿ? ಬೇಕಾದಾಗ ಕೂಗು. ಮಳೆ ಹೊತ್ಕೊಂಡು ಬರುವಾಗ ಈ ಕಡೆ ಹಾದು ಹೋಗ್ತೀನಿ."

ಗಾಳಿ ಹೋಯಿತು. ಜೊಂಡು ನೆಟ್ಟಗಾಯಿತು. ನೋಡನೋಡುತ್ತಿದ್ದಂತೆ ಅಮ್ಮನ ಮುಖ ಇಲ್ಲವಾಯಿತು. ಕಪ್ಪೆ ಆ ಕಡೆಗೇ ಕಣ್ಣು ನೆಟ್ಟು ಕೂತಿತು.

ಮುಂಗಾರಿನ ಮೋಡ ಕವಿದಾಗ ಕಪ್ಪೆಗಳು ವಟಗುಟ್ಟಿದರೆ, ಮಳೆ ಕರೆಯುತ್ತಿವೆ ಎನ್ನುತ್ತಾರೆ ದೊಡ್ಡವರು. ಮಳೆ ಯಾರಿಗೆ ಬೇಕು? ಹತ್ತಿರ ಹೋಗಿ ನೋಡು, ಅವು ಕಣ್ಣು ಮಿಟುಕಿಸದೆ ಜೊಂಡಿನ ಕಡೆಗೇ ತಿರುಗಿ ಕೂತಿರುತ್ತವೆ, ಇನ್ನೇನು ಗಾಳಿ ಬೀಸಿ ಅಮ್ಮ ಕಾಣುತ್ತಾಳೆ ಎಂದು.